ಬಚ್ಚಲ ಗೋಡೆಯೊಳಗಿನ ಕೊಳವೆ

ನಮ್ಮ ಮನೆಯವರು ಶಹಾಪುರದಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದರು. ಮನೆಯ ಮುಂದೆಯೇ ತಗಡಿನ ಶೆಡ್ಡು. ಅದರ ಮೂಲೆಯಲ್ಲಿ ಒಂದು ಕೆಂಪು ವಿಲಾಯತಿ ಕಾರು ನಿಂತಿರುತ್ತಿತ್ತು. ಇಬ್ಬರೇ ಕೂಡುವಂಥದ್ದು, ಮೇಲೆ ಛಾವಣಿ ಇಲ್ಲ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತೆ ಕಾಣುತ್ತಿತ್ತು. ಓಟದ ಪಂದ್ಯಕ್ಕೆಂದು ಮಾಡಿದ್ದಂತೆ. ಭೀಮರಾಯನಗುಡಿ ಕಾಲುವೆ ಕ್ಯಾಂಪಿನಲ್ಲಿದ್ದ ಒಬ್ಬ ಇಂಜಿನಿಯರ್ ಸಾಹೇಬರದು. ವರ್ಗವಾಗಿ ಹೋಗುವಾಗ, "ಸೈಲೆನ್ಸರ್ ಸರಿ ಮಾಡಿ ಇಟ್ಟಿರ್ರಿ, ಬಂದು ಒಯ್ತೀನಿ" ಎಂದು ಬಿಟ್ಟು ಹೋದರು. ಮೂವತ್ತು ವರ್ಷ ಒಯ್ಯಲಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಬಂದು, ಕಾರಿಗೆ ಒಂದು ಸುತ್ತು ಹಾಕಿ, ಚಹಾ ಕುಡಿದು ಹೋಗುತ್ತಿದ್ದರು.

ಆ ಕಾರು ನಮ್ಮ ಶೆಡ್ಡಿಗೆ ಬಂದ ವರ್ಷವೇ ನನ್ನ ತಾಯಿ ಸತ್ತಳು. ನನ್ನ ತವರು ಕೊಂಕಲ್. ಸುದ್ದಿ ಬಂದಾಗ ಇವರು ಕಾರಿನ ಕೆಳಗೆ ಮಲಗಿದ್ದರು. ಸೈಲೆನ್ಸರ್ ಡಬ್ಬಿ ತೂತು ಬಿದ್ದಿತ್ತು. ಅದನ್ನೂ, ಅದನ್ನು ಇಂಜಿನ್ನಿಗೆ ಕೂಡಿಸುವ ಮುಂದಿನ ಕೊಳವೆಯನ್ನೂ ಬಿಚ್ಚಿಟ್ಟು, ಸದ್ಯಕ್ಕೆ ಇರಲಿ ಎಂದು ಜೀಪಿನದೊಂದು ಕಟ್ಟುತ್ತಿದ್ದರು.

"ಅವ್ವ ಹೋದ್ಳಂತ. ಏಳ್ರಿ," ಅಂದೆ.

"ಹಾಂ, ಎದ್ದೆ. ಇದೊಂದು ಬೋಲ್ಟ್ ಬಿಗಿ ಮಾಡ್ತೀನಿ. ಇಲ್ಲಂದ್ರ ಎಲ್ಲಾ ಮೈಮ್ಯಾಲೆ ಬೀಳ್ತದ."

ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತೆ. ಒಂದು ಬೋಲ್ಟು ಮೂರಾಯಿತು. ಬಸ್ಸು ಹೋಯಿತು. ಮುಂದಿನ ಬಸ್ಸು ಹಿಡಿದು ಊರು ಮುಟ್ಟಿದಾಗ ನನ್ನ ಅಣ್ಣಂದಿರು ಸಲಿಕೆ ತೊಳೆಯುತ್ತಿದ್ದರು. ಬೇಸಿಗೆಯಲ್ಲಿ ಹೆಣ ಎಷ್ಟು ಹೊತ್ತು ಇಟ್ಟಾರು, ಅವರ ತಪ್ಪಲ್ಲ. ನಾನೊಬ್ಬಳೇ ಮೊದಲ ಬಸ್ಸಿಗೆ ಹೋಗಬಹುದಿತ್ತು. ಅಳಿಯ ಬರದೆ ಮಗಳು ಒಬ್ಬಳೇ ಮಣ್ಣಿಗೆ ಬಂದಳು ಎಂದು ಮಂದಿ ಆಡಿಕೊಳ್ಳುತ್ತಾರೆಂದು ನಿಂತೆ. ಅದು ನನ್ನ ತಪ್ಪು. ಅವ್ವನ ಮುಖ ನನಗೆ ಸಿಗಲಿಲ್ಲ. ಇವರು ಆ ಬಗ್ಗೆ ಅಂದೂ ಒಂದು ಮಾತು ಆಡಲಿಲ್ಲ, ಆಮೇಲೂ ಆಡಲಿಲ್ಲ.

ಪಂಚಮಿ ಹತ್ತಿರ ಬಂದಾಗ ಮನೆ ಸಾರಿಸುವ ಕೆಲಸ ಹಚ್ಚಿದೆ. ಬಚ್ಚಲ ಒಲೆಯ ಹೊಗೆ ಒಳಗೇ ಸುತ್ತುತ್ತಿತ್ತು. ಹೊಗೆಗೆ ದಾರಿ ಬೇಕಿತ್ತು. ಶೆಡ್ಡಿನಲ್ಲಿ ಆ ಕೊಳವೆ ಬಿದ್ದಿತ್ತು. ಕೈಯಲ್ಲಿ ಹಿಡಿದ ಕೂಡಲೇ ಸಿಟ್ಟು ಬಂತು. ಅದರ ಬಾಯಿಗೆ ಬೋಲ್ಟು ಹಾಕಲು ಬೀಡುಕಬ್ಬಿಣದ ಮೂರು ಕಿವಿಗಳಿದ್ದವು. ಗೋಡೆಯ ತೂತಿಗೆ ಹಿಡಿಸಲಿಲ್ಲ. ಒರಳಿನ ಗುಂಡಿನಿಂದ ಒಂದು ಕಿವಿ ಮುರಿದು, ಒಳಗೆ ತುರುಕಿ, ಮೇಲೆ ಮಣ್ಣು ಮೆತ್ತಿ ಸುಣ್ಣ ಬಳಿದೆ. ಇವರಿಗೆ ಬಿಸಿನೀರು ಬೇಕಿತ್ತು, ಒಲೆ ಬೇಕಿರಲಿಲ್ಲ. ಆ ಕಡೆ ನೋಡಿದವರೇ ಅಲ್ಲ.

ತಿಂಗಳಾದ ಮೇಲೆ ಡಬ್ಬಿಗೆ ತೇಪೆ ಹಾಕಿ ಸರಿ ಮಾಡಿದರು. ಆಗ ಕೊಳವೆ ಹುಡುಕಿದರು.

"ಗುಜರಿಯವ ಒಯ್ದ," ಅಂದೆ.

ಯಾದಗಿರಿಯ ಗುಜರಿ ಅಂಗಡಿಗಳನ್ನು ಸುತ್ತಿದರು, ಸುರಪುರಕ್ಕೆ ಹೋದರು. ಸಂಜೆ ಬಂದು ಕರಿ ಕೈ ತೊಳೆದು ಊಟಕ್ಕೆ ಕೂತು, "ಸುರಪುರದಾಗೂ ಇಲ್ಲ," ಅನ್ನುವರು. ನಾನು ರೊಟ್ಟಿ ಹಾಕುವೆ. ವರ್ಷಗಟ್ಟಲೆ ಹೀಗೆ ನಡೆಯಿತು. ಕೊಳವೆ ಇಲ್ಲದೆ ಡಬ್ಬಿ ಮಾತ್ರ ಶೆಡ್ಡಿನ ಮೊಳೆಗೆ ತೂಗಿಕೊಂಡೇ ಇತ್ತು. ಪ್ರತಿ ಅಮಾವಾಸ್ಯೆಗೆ ಸ್ನಾನ ಮಾಡಿ, ಕಾರಿಗೆ ಹೂವು ಏರಿಸಿ, ಕಾಯಿ ಒಡೆದು ಇಂಜಿನ್ ಚಾಲೂ ಮಾಡುತ್ತಿದ್ದರು. ಜೀಪಿನ ಸೈಲೆನ್ಸರ್ ಒಣ ಕೆಮ್ಮು ಕೆಮ್ಮುತ್ತಿತ್ತು.

"ಇದರ ದನಿ ಅಲ್ಲ ಇದು," ಅನ್ನುವರು.

"ಕಾರಿಗೇನ್ ದನಿರಿ? ಭಜನಿ ಮಾಡ್ತದೇನು?"

"ನಿನ್ನ ಎಮ್ಮಿ ಕತ್ತೆಯಂಗ ಒದರಿದ್ರ ನಿನಗ ಹ್ಯಾಂಗಾಗ್ತದ? ಹಂಗ ಇದು."

ಮಗಳು ದೊಡ್ಡವಳಾಗಿ ಅಪ್ಪನ ಕೆಲಸ ಕಲಿತಳು. ಅದೇ ಓಣಿಗೆ ಕೊಟ್ಟೆವು. ಅವಳ ಮಕ್ಕಳು ಶೆಡ್ಡಿನಲ್ಲೇ ಬೆಳೆದರು. ಹೋದ ವರ್ಷ ಇವರಿಗೆ ಲಕ್ವಾ ಹೊಡೆಯಿತು. ಬಲಗಡೆ ಮೈ ಹೋಯಿತು, ಮಾತು ಹೋಯಿತು. ಪಡಸಾಲೆಯಲ್ಲಿ ಶೆಡ್ಡು ಕಾಣುವಂತೆ ಮಂಚ ಹಾಕಿದೆವು. ಆಗಲೇ ಸಾಹೇಬರ ಫೋನು ಬಂತು. ಅಮಾವಾಸ್ಯೆ ಮುಗಿದ ಮರುದಿನ ಲಾರಿ ತಂದು ಕಾರು ಒಯ್ಯುತ್ತೇನೆ ಅಂದರು.

ಮಗಳು ಅಪ್ಪನಿಗೆ ಅದನ್ನು ಹೇಳಿದಳು. ಅವರು ಎಡಗೈ ಎತ್ತಿ ಮೊಳೆಗಿದ್ದ ಡಬ್ಬಿಯನ್ನು ತೋರಿಸಿದರು. ಮತ್ತೆ ಮತ್ತೆ ತೋರಿಸಿದರು.

"ನೀರ ಬೇಕೇನಪ್ಪಾ?" ಎಂದು ಮಗಳು ಕೇಳಿದಳು.

ನೀರಲ್ಲ ಎಂದು ನನಗೆ ಗೊತ್ತಿತ್ತು. ಕಾರು ಹೋಗುವ ಮೊದಲು ಒಮ್ಮೆ ಅದರದೇ ದನಿ ಕೇಳಬೇಕಿತ್ತು ಅವರಿಗೆ. ಬಚ್ಚಲಿಗೆ ಹೋಗಿ ಹಾರೆ ಹಾಕಿ ಗೋಡೆ ಒಡೆದೆ. ಸಪ್ಪಳಕ್ಕೆ ಮಗಳು ಬಂದಳು.

"ಏನ್ ಮಾಡಾಕತ್ತಿ ಬೇ? ಗ್ವಾಡಿ ಯಾಕ ಕೆಡವಾಕತ್ತಿ?"

"ನಿಮ್ಮಪ್ಪನ ಕೊಳವಿ ತಗಿಯಾಕತ್ತೇನಿ. ಗುಜರಿಯವ ಒಯ್ದಿದ್ದಿಲ್ಲ."

ಅವಳು ಹಂಡೆಯ ಪಕ್ಕದಲ್ಲೇ ಕುಕ್ಕರಿಸಿದಳು. "ಮೂವತ್ತು ವರ್ಷ ಸುಳ್ಳ ಹೇಳಿದೇನ್ ಬೇ ಯವ್ವಾ?"

"ಒಂದ ಸಲ ಹೇಳೀನಿ. ಆಮ್ಯಾಲೆ ಅವರು ನನ್ನ ಕೇಳಿಲ್ಲ."

"ಈಗ ಅಪ್ಪಗ ಏನ್ ಹೇಳ್ಲಿ?"

"ಯಾದಗಿರಿ ಗುಜರಿಯಾಗ ಸಿಕ್ತು ಅನ್ನು."

ವರ್ಷವರ್ಷವೂ ಮೆತ್ತಿದ ಮಣ್ಣು, ಒಲೆಯ ಕಾವು ಸೇರಿ ಕೊಳವೆಗೆ ತುಕ್ಕು ಹಿಡಿಯಗೊಟ್ಟಿರಲಿಲ್ಲ. ಮಗಳು ಮೇಲಿನ ಮಣ್ಣು ಕೆರೆದಳು. ತೊಳೆಯುವ ಮೊದಲೇ ಅಪ್ಪನಿಗೆ ತೋರಿಸುವ ಅವಸರ ಅವಳಿಗೆ. ಮಂಚದ ಮೇಲೆ ಇಟ್ಟಳು. ಅವರು ಎಡಗೈಯಿಂದ ಸವರಿದರು. ಮುರಿದ ಕಿವಿಯ ಮೇಲೆ ಹೆಬ್ಬೆರಳು ನಿಂತಿತು. ಬೆರಳನ್ನು ಕೊಳವೆಯೊಳಗೆ ಹಾಕಿ ಮಸಿ ತೆಗೆದು ತಿಕ್ಕಿ ನೋಡಿದರು, ಮೂಸಿದರು. ಇಂಜಿನ್ ಮಸಿ ಜಿಡ್ಡಾಗಿರುತ್ತದೆ. ಇದು ಜಾಲಿ ಕಟ್ಟಿಗೆಯ ಒಣ ಮಸಿ. ಕಿವಿಯ ಸಂದಿನಲ್ಲಿ ಸುಣ್ಣವೂ ಉಳಿದಿತ್ತು. ಬಚ್ಚಲ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಯಾದಗಿರಿ ಗುಜರಿಯಾಗ, ಅಪ್ಪಾ..." ಎಂದು ಮಗಳು ಶುರು ಮಾಡಿದಳು.

"ಸುಮ್ಕಿರು," ಅಂದೆ. "ನಾನ ಇಟ್ಟಿದ್ದೆ. ಅವತ್ತ ಅವ್ವನ ಮಣ್ಣ ತಪ್ಪಿಸಿದ್ರಿ, ಆ ಸಿಟ್ಟಿಗೆ ಇಟ್ಟೆ. ಸಿಟ್ಟ ಇಳಿದ ಮ್ಯಾಲರೆ ತಗದು ಕೊಡಬೇಕಿತ್ತು. ಕೊಡ್ಲಿಲ್ಲ."

ಅವರು ಕೊಳವೆಯನ್ನು ಮಗಳ ಕಡೆ ಸರಿಸಿದರು. ಮುಖವನ್ನು ಗೋಡೆಗೆ ತಿರುಗಿಸಿದರು.

ಕೂಡಿಸುವುದು ಎರಡು ದಿನದ ಕೆಲಸವಾಯಿತು. ಜೀಪಿನ ಸೈಲೆನ್ಸರಿನ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಮಗಳು ಬೆಂಕಿ ಹಿಡಿದು ಕಾಸಿ ಬಿಚ್ಚಿದಳು. ಮೊಳೆಗಿದ್ದ ಡಬ್ಬಿಯನ್ನು ಇಳಿಸಿ ಕೊಳವೆಗೆ ಕೂಡಿಸಿದಳು. ಹಳೆಯ ಕೊಳವೆ ಇಂಜಿನ್ನಿನ ಬಾಯಿಗೆ ಕೂತಿತು. ಆದರೆ ಮೂರನೆಯ ಕಿವಿ ಇಲ್ಲವಲ್ಲ, ಆ ಕಡೆಯಿಂದ ಹೊಗೆ ಸೋರುತ್ತಿತ್ತು. ದಪ್ಪ ತಗಡಿನಲ್ಲಿ ಮೂರು ತೂತಿನ ಬಳೆ ಕತ್ತರಿಸಿ, ಕೊಳವೆಯ ತುಟಿಯ ಹಿಂದೆ ಕೂರಿಸಿ, ಮೂರೂ ಬೋಲ್ಟುಗಳನ್ನು ಸರದಿಯ ಮೇಲೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದಳು. ಅಪ್ಪ ಕಲಿಸಿದ್ದೇ ಹಾಗೆ.

ಅಮಾವಾಸ್ಯೆಯ ಮುಂಜಾನೆ ಕಾಯಿ ಒಡೆದು ಚಾಲೂ ಮಾಡಿದಳು. ನೆಲದೊಳಗಿನ ಹಗೇವಿನ ಬಾಯಿಗೆ ಜೋಳ ಸುರಿದಂತೆ ದನಿ ಬಂತು. ಆಳದಿಂದ, ದಪ್ಪಗೆ. ಇಷ್ಟು ವರ್ಷ ನಾನು ನಗೆಯಾಡಿದ್ದೆ, ಆದರೆ ಕಾರಿಗೆ ದನಿ ಇತ್ತು. ಇವರು ಗೋಡೆ ಬಿಟ್ಟು ಈ ಕಡೆ ಹೊರಳಿದರು. ಕಣ್ಣು ಮುಚ್ಚಿದ್ದರು. ಎಡಗಾಲಿನ ಬೆರಳುಗಳು ಆಡುತ್ತಿದ್ದವು. ಮಗಳು ಬಂದ್ ಮಾಡಿದರೆ ಕೈ ಎತ್ತಿ, ಇನ್ನೊಮ್ಮೆ, ಎನ್ನುವರು. ಮೂರು ಸಲ ಆಯಿತು. ನಾನು ಅವರ ಕಾಲ ಹತ್ತಿರವೇ ಕೂತಿದ್ದೆ. ಕಣ್ಣು ತೆರೆದಾಗ ಮಗಳನ್ನು ನೋಡಿದರು, ಕಾರನ್ನು ನೋಡಿದರು.

ಮರುದಿನ ಸಾಹೇಬರು ಕಾರು ಒಯ್ದರು. ಆಮೇಲೆ ಇವರು ಇಪ್ಪತ್ತು ದಿನ ಇದ್ದರು. ಗಂಜಿಯನ್ನು ಮಗಳ ಕೈಯಿಂದ ಕುಡಿಯುವರು. ನಾನು ಚಮಚ ಹಿಡಿದರೆ ಬಾಯಿ ಬಿಗಿ ಹಿಡಿಯುವರು. ನಾನೂ ಒತ್ತಾಯ ಮಾಡಲಿಲ್ಲ, ಮಗಳ ಕೈಗೆ ಬಟ್ಟಲು ಕೊಟ್ಟು ಒಳಗೆ ಹೋಗುತ್ತಿದ್ದೆ. ಅವರು ಅವ್ವನ ವಿಷಯ ನೆನೆದರೋ ಇಲ್ಲವೋ ಗೊತ್ತಿಲ್ಲ. ಕೇಳಿದರೆ ಹೇಳಲು ಅವರಿಗೆ ಬಾಯಿ ಇರಲಿಲ್ಲ. ಬಾಯಿ ಇದ್ದಾಗ ನಾನು ಕೇಳಲಿಲ್ಲ.

ಬಚ್ಚಲ ಗೋಡೆಯ ತೂತು ಹಾಗೇ ಇದೆ. ಒಡೆದ ಮಣ್ಣು ಅರ್ಧ ಮುಚ್ಚಿಕೊಂಡಿದೆ, ಹೊಗೆ ಒಳಗೇ ಸುತ್ತುತ್ತದೆ. ಮಗಳು ಹೊಸ ತಗಡಿನ ಕೊಳವೆಯೊಂದನ್ನು ತಂದು ಹಂಡೆಯ ಪಕ್ಕ ಒರಗಿಸಿದ್ದಾಳೆ. ಪಂಚಮಿಗೆ ಸಾರಿಸುವಾಗ ಕೂರಿಸುತ್ತೇನೆ ಅಂದಿದ್ದೆ. ಪಂಚಮಿ ಹೋಗಿ ಆಯಿತು.