ಪೌರನೀತಿಯ ಮಾಸ್ತರರು, ಪಟ್ಟಿಯಲ್ಲಿಲ್ಲದ ಅವ್ವ

ಮೊನ್ನೆ ಮತ ಹಾಕಿ ಬಂದು ಊಟಕ್ಕೆ ಕೂತಾಗ ಬೆರಳಿನ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಮಸ್ಕಿಯ ಶಾಲೆಯಲ್ಲಿ ನಮಗೆ ಪೌರನೀತಿ ಹೇಳುತ್ತಿದ್ದ ಮಾಸ್ತರರು ನೆನಪಾದರು...

ನಿಜಾಮರ ಕಾಲದಲ್ಲಿ ಅವರು ಉರ್ದು ಕಲಿಸುತ್ತಿದ್ದವರು. ಆ ರಾಜ್ಯ ಹೋದ ಮೇಲೆ ಕನ್ನಡದ ಪೌರನೀತಿ ಪುಸ್ತಕ ಅವರ ಕೊರಳಿಗೆ ಬಿತ್ತು. ನಮಗಿಂತ ಒಂದು ಪಾಠ ಮುಂದೆ ಓದಿಕೊಂಡು ಬರುತ್ತಿದ್ದರು, ಅಷ್ಟೇ! ಆದರೆ ಹೇಳಿದ್ದನ್ನು ಮನಸಾರೆ ನಂಬಿದ್ದರು. ಮೊದಲ ಚುನಾವಣೆ ಬರುವುದಿತ್ತು. "ಗೌಡರಿಗೂ ಒಂದ ವೋಟು, ನಿಮ್ಮ ಅವ್ವಗೂ ಒಂದ ವೋಟು. ಮನಿಗೆ ಹೋಗಿ ಹೇಳ್ರಿ," ಎಂದರು. ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ನಕ್ಕಳು. ಆಮೇಲೆ ಕೈ ನಿಲ್ಲಿಸಿ, "ಇನ್ನೊಮ್ಮಿ ಹೇಳು," ಅಂದಳು. ಅಪ್ಪ ತೀರಿದ ಮೇಲೆ ಅವಳನ್ನು ಯಾರೂ ಏನೂ ಕೇಳಿದ್ದಿಲ್ಲ.

ಮತದಾರರ ಪಟ್ಟಿ ಬರೆಯುವ ಕೆಲಸವೂ ಮಾಸ್ತರರಿಗೇ ಬಂತು. ನಮ್ಮ ಮನೆಗೆ ಬಂದಾಗ ಅವ್ವ ಬಾಗಿಲ ಮರೆಯಲ್ಲಿ ನಿಂತಳು. ನಮ್ಮಲ್ಲಿ ಹೆಂಗಸರು ಪರಗಂಡಸಿನ ಮುಂದೆ ತಮ್ಮ ಹೆಸರು ಹೇಳುತ್ತಿರಲಿಲ್ಲ. ಮಕ್ಕಳು ತಾಯಿಯ ಹೆಸರೆತ್ತಿದರೆ ಅದು ಉದ್ಧಟತನ.

"ಹೆಸರು ಹೇಳ್ರಿ, ಅವ್ವಾರ."

"ಇವನವ್ವ ಅಂತ ಬರಕೊಳ್ರಿ, ಮಾಸ್ತರ."

ಅವರು ಒತ್ತಾಯಿಸಲಿಲ್ಲ. ಅವರ ಮನೆಯಲ್ಲೂ ಅದೇ ಮರ್ಯಾದೆ. ನನ್ನ ಹೆಸರು ಬರೆದು, ಮುಂದೆ 'ತಾಯಿ' ಎಂದು ಸೇರಿಸಿದರು. ಓಣಿಯ ಹೆಂಗಸರನ್ನೆಲ್ಲ ಹೀಗೇ ಬರೆದುಕೊಂಡರು. ಅವ್ವನ ಹೆಸರು ನನಗೆ ಗೊತ್ತಿತ್ತು. ಸುಮ್ಮನೆ ನಿಂತಿದ್ದೆ.

ಸ್ವಂತ ಹೆಸರಿಲ್ಲವೆಂದು ಅಂಥವರನ್ನೆಲ್ಲ ಮೇಲಿನ ಅಧಿಕಾರಿಗಳು ಪಟ್ಟಿಯಿಂದ ಹೊಡೆದುಹಾಕಿದರು. ನಮಗದು ಗೊತ್ತಾದದ್ದು ಮತದಾನದ ದಿನವೇ. ಅವ್ವ ಇಳಕಲ್ ಸೀರೆ ಉಟ್ಟು ಸಾಲಿನಲ್ಲಿ ನಿಂತಿದ್ದಳು. ಮೇಜಿನ ಹಿಂದೆ ಅದೇ ಮಾಸ್ತರರು. ಪಟ್ಟಿಯನ್ನು ಎರಡು ಸಲ ತಿರುವಿದರು.

"ನಿಮ್ಮ ಹೆಸರಿಲ್ರಿ, ಅವ್ವಾರ. ತಪ್ಪು ನಂದ ಐತ್ರಿ."

ಅಷ್ಟು ಗಂಡಸರ ಮುಂದೆ ಅವ್ವ ತನ್ನ ಹೆಸರನ್ನು ಜೋರಾಗಿ ಹೇಳಿದಳು. ಮತ್ತೊಮ್ಮೆ ಹೇಳಿದಳು. ಪೊಲೀಸಿನವನು ಪಕ್ಕಕ್ಕೆ ಸರಿ ಎಂದ. ಮಾಸ್ತರರು ತಲೆ ಎತ್ತಲಿಲ್ಲ.

ಆಮೇಲೆ ಅವರು ವೋಟಿನ ಪಾಠ ತೆಗೆಯಲೇ ಇಲ್ಲ. ಕೆಲವು ತಿಂಗಳಿಗೆ ಸಿಂಧನೂರಿನ ಕಡೆ ವರ್ಗವಾಗಿ ಹೋದರು... ಮುಂದಿನ ಪಟ್ಟಿಯಲ್ಲಿ ಅವ್ವನ ಹೆಸರು ಸರಿಯಾಗಿಯೇ ಬಂತು. "ಅವತ್ತ ನಾ ಇದ್ದಿಲ್ಲೇನು?" ಅಂದಳು, ಮತ ಹಾಕಲು ಹೋಗಲಿಲ್ಲ. ಸಾಯುವತನಕ ಹೋಗಲಿಲ್ಲ.

ನಾನೂ ಲಿಂಗಸುಗೂರಿನಲ್ಲಿ ಮೂವತ್ತು ವರ್ಷ ಪೌರನೀತಿ ಕಲಿಸಿದೆ. ಮತದ ಹಕ್ಕು ಯಾರಿಗಿದೆ ಎಂದು ಕೇಳಿದರೆ ಮಕ್ಕಳು ಗಿಳಿಪಾಠ ಒಪ್ಪಿಸುತ್ತಿದ್ದರು, ನಾನು ಅಂಕ ಹಾಕುತ್ತಿದ್ದೆ. ಒಂದು ದಿನವೂ ಅವ್ವನ ಕಥೆ ಹೇಳುವ ಧೈರ್ಯವಾಗಲಿಲ್ಲ; ಹೇಳಿದರೆ ಅದರಲ್ಲಿ ನಾನೂ ಬರುತ್ತೇನಲ್ಲ. ತಪ್ಪೆಲ್ಲ ತಮ್ಮದೆಂದು ಮಾಸ್ತರರು ಹೊತ್ತುಕೊಂಡು ಹೋದರು. ನನಗೆ ಹೆಸರು ಗೊತ್ತಿತ್ತು ಎಂದು ಹೇಳೋಣವೆಂದರೆ ಈಗ ಅವರೂ ಇಲ್ಲ, ಅವ್ವನೂ ಇಲ್ಲ.