ಜಗಲಿಯಿಂದ ಹೊರಡುತ್ತಿದ್ದ ನಾಲ್ಕು ಗಂಟೆಯ ಬಸ್ಸು

ನಿವೃತ್ತರಾದ ಮೇಲೂ ಕಂಡಕ್ಟರ್ ನಂಜಪ್ಪನವರ ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ತೆಗೆಯುವುದಿಲ್ಲವೆಂದು ಅವರ ಹೆಂಡತಿಯೇ ದೂರುತ್ತಿದ್ದರು. ತಮಿಳುನಾಡಿನ ಗಡಿಯೂರು ಹೊಸೂರಿನಲ್ಲಿ ಅವರದು ನಮ್ಮ ಪಕ್ಕದ ಮನೆ.

ಆಗ ಎಂಬತ್ತರ ದಶಕದ ಆರಂಭ. ನಮ್ಮ ಅಜ್ಜಿಗೆ ಮರೆವು ವಿಪರೀತವಾಗಿತ್ತು. ಸಂಜೆ ನಾಲ್ಕಾಯಿತೆಂದರೆ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ತವರೂರು ಉದ್ದನಪಲ್ಲಿಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಅವಳವರು ಯಾರೂ ಉಳಿದಿರಲಿಲ್ಲ. ಒಮ್ಮೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಿಕ್ಕಿದಳು. ಅಂದಿನಿಂದ ಅಮ್ಮ ಬಾಗಿಲಿಗೆ ಬೀಗ ಹಾಕತೊಡಗಿದಳು. ಅಜ್ಜಿ ಬಾಗಿಲು ಬಡಿದು ಅಳುತ್ತಿದ್ದಳು.

ಆ ಅಳು ಕೇಳಲಾರದೆ ನಂಜಪ್ಪನವರು ಬಂದರು. "ಬೀಗ ತೆಗ್ಯಮ್ಮ, ಅವ್ವನ್ನ ನಾನು ಕರ್ಕೊಂಡೋಯ್ತೀನಿ" ಎಂದು ಜಗಲಿಯಲ್ಲಿ ಒಂದರ ಹಿಂದೊಂದು ಬೆಂಚು ಹಾಕಿದರು. ಫ್ಯಾಕ್ಟರಿಯ ಮೊದಲ ಶಿಫ್ಟು ಮುಗಿಸಿ ಬಂದಿದ್ದ ಅಪ್ಪನನ್ನು ಡ್ರೈವರನನ್ನಾಗಿ ಮುಂದೆ ಕೂರಿಸಿದರು. ಅಜ್ಜಿಗೊಂದು ಹಳೇ ಟಿಕೆಟು ಕೊಟ್ಟು ಸೀಟಿ ಊದಿ, ಅಲ್ಲಿನ ಬಸ್ಸುಗಳ ರೂಢಿಯಂತೆ ತಮಿಳಿನಲ್ಲಿ ಹೊರಡೋಣವೆಂದು ಕೂಗಿದರು. "ಪೋಲಾಂ, ರೈಟ್."

ಮೊದಲ ದಿನವೇ ಎಡವಟ್ಟಾಯಿತು. ಜೀವಮಾನವೆಲ್ಲ ಕೃಷ್ಣಗಿರಿ ರೂಟಿನಲ್ಲಿ ದುಡಿದವರು, ಅಭ್ಯಾಸಬಲದಿಂದ "ಶೂಳಗಿರಿ, ಶೂಳಗಿರಿ" ಎಂದು ಕೂಗಿಬಿಟ್ಟರು.

ಅಜ್ಜಿ ಎದ್ದು ನಿಂತಳು. "ಇದು ನಮ್ಮೂರ್ ಬಸ್ಸಲ್ಲ ಕಣಪ್ಪ. ನನ್ನ ಇಳ್ಸು."

"ತಪ್ಪಾಯ್ತವ್ವಾ. ಈ ರೂಟಿಗೆ ನಾನು ಹೊಸಬ. ದಾರಿ ನೀನೇ ಯೋಳು."

ಬೆಳಿಗ್ಗೆ ಏನು ತಿಂದೆನೆಂದು ಹೇಳಲಾಗದ ಅಜ್ಜಿ ಹೇಳತೊಡಗಿದಳು: ಹುಣಸೆತೋಪು, ಮುರುಕು ಮಂಟಪ, ಕೆರೆಕೋಡಿ, ಗೌಡರ ಬಾವಿ. ನಂಜಪ್ಪನವರು ಒಂದೊಂದಕ್ಕೂ ಸೀಟಿ ಊದಿ ಬಸ್ಸು ನಿಲ್ಲಿಸಿದರು. ಗೌಡರ ಬಾವಿ ದಾಟಿದ ಮೇಲೆ ಅಜ್ಜಿ ಇಳಿದು, ನಮ್ಮ ಮನೆಯನ್ನೇ ತವರೆಂದುಕೊಂಡು ಒಳಗೆ ಹೋಗಿ ಖುಷಿಯಾಗಿ ಕಾಫಿ ಕುಡಿದಳು. "ಕಂಡಕ್ಟ್ರು ಒಳ್ಳೇವ್ನು, ಡ್ರೈವರು ತೂಕಡಿಸ್ತಾನೆ" ಎಂದು ಅಪ್ಪನ ಮೇಲೆ ಚಾಡಿಯನ್ನೂ ಹೇಳಿದಳು. ಆಮೇಲೆ ಬೀಗ ಬೇಕಾಗಲಿಲ್ಲ.

ಮೂರು ವರ್ಷ ಆ ಬಸ್ಸು ತಪ್ಪಲಿಲ್ಲ. ಕೊನೆಕೊನೆಗೆ ಸ್ಟಾಪುಗಳೂ ಅಜ್ಜಿಗೆ ಒಂದೊಂದಾಗಿ ಮರೆತುಹೋದವು. ಆಗ ನಂಜಪ್ಪನವರೇ ಕೂಗುತ್ತಿದ್ದರು, ಅಜ್ಜಿ ಹೌದೆಂದು ತಲೆಯಾಡಿಸಿ ನಗುತ್ತಿದ್ದಳು. ಆ ನಗುವಿಗಾಗಿ ನಾನು ಅವರಿಗೆ ಇಂದಿಗೂ ಋಣಿ.

ಅಜ್ಜಿ ತೀರಿಕೊಂಡ ಮೇಲೆ ಅವರು ಕೃಷ್ಣಗಿರಿಯ ಮಗಳ ಮನೆ ಸೇರಿದರು. ನಾನು ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ಸೀಟಿ ಕೊರಳಲ್ಲೇ ಇತ್ತು. ಸ್ಟಾಪುಗಳು ನೆನಪಿವೆಯೇ ಎಂದು ಕೇಳಿದೆ. ಬೆರಳು ಮಡಿಸುತ್ತ ನಾಲ್ಕನ್ನೂ ಹೇಳಿದರು.

"ನಿಜ ಯೋಳ್ಬೇಕಂದ್ರೆ ಆ ದಾರೀಲಿ ನಾನು ಒಂದ್ಸಲಾನೂ ಹೋಗಿಲ್ಲ ಕಣಮ್ಮ" ಎಂದು ನಕ್ಕರು.

ಹೊರಡಲು ಎದ್ದೆ. ಅವರು ಸೀಟಿಯನ್ನು ತುಟಿಗಿಟ್ಟುಕೊಂಡರು. ಊದಲು ಉಸಿರು ಸಾಲಲಿಲ್ಲ. ಅದನ್ನು ಎದೆಯ ಮೇಲೆ ಬಿಟ್ಟು, ಬಾಯಲ್ಲೇ ಹೇಳಿ ನನ್ನನ್ನು ಕಳಿಸಿಕೊಟ್ಟರು: "ಪೋಲಾಂ, ರೈಟ್."