ಬಾಗಿಲ ಬಳಿಯ ಜಾಗ

ಕೂಡ್ಲಿಗಿಯ ಹುಣಸೆಹಣ್ಣಿನ ಶೆಡ್ಡಿನಲ್ಲಿ ಚೌಡಕ್ಕನನ್ನು ಚೌಡಕ್ಕ ಎಂದು ಕರೆಯುವವರೇ ಇರಲಿಲ್ಲ. ಹನ್ನೊಂದು ವರ್ಷದಿಂದ ಅವಳು ಎಲ್ಲರಿಗೂ ಹುಲುಗಣ್ಣನ ಅವ್ವ. ಕಲ್ಲಿನ ಮೇಲೆ ಹಣ್ಣಿಟ್ಟು ಕೊಡತಿಯಿಂದ ಒಂದೇಟು, ಬೀಜ ಹೊರಗೆ. ಅವಳ ಕೈಯಷ್ಟು ಚುರುಕು ಇನ್ನೊಬ್ಬರದಿರಲಿಲ್ಲ, ಅವಳ ಬಾಯಿಯಷ್ಟು ಬಿಗಿಯೂ.

2001ರ ಆ ಬೇಸಿಗೆಯಲ್ಲಿ ಪ್ರತಿ ಬುಧವಾರ ಬೆಳಗಿನ ಚಹಾದ ಹೊತ್ತಿಗೆ ಶೆಡ್ಡಿನಲ್ಲಿ ಪ್ರಶ್ನೆಯಾಟ ನಡೆಯುತ್ತಿತ್ತು. ಮಾಲೀಕರ ಸೊಸೆ ಗಂಗಾಂಬಿಕಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ದೇಶದ ಹಿಂದಿನ ಜನಜೀವನದ ಪುಸ್ತಕವೊಂದರಿಂದ ಕೇಳುವಳು: ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತೋ ಇಲ್ಲವೋ, ಅಂಥವು. ತೋಚಿದ್ದು ಹೇಳಬಹುದು. ಗೆದ್ದವರ ಹೆಸರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ. ಮುಂದಿನ ಬುಧವಾರದವರೆಗೆ ಬಾಗಿಲ ಬಳಿಯ ಜಾಗ ಅವರದು. ಒಳಗೆ ಧೂಳು, ಸೆಕೆ. ಅಲ್ಲಿ ಗಾಳಿ.

ಚೌಡಕ್ಕನಿಗೆ ಬೇಕಿದ್ದುದು ಗಾಳಿಯಲ್ಲ. ಬಾಗಿಲಿನಿಂದ ಎದುರಿನ ಅಂಗನವಾಡಿ ಕಾಣುತ್ತಿತ್ತು. ಮೊಮ್ಮಗಳನ್ನು ಅಲ್ಲಿಗೆ ಸೇರಿಸಿ ಎಂಟು ದಿನ. ಒಳಗೆ ಕೂತವಳಿಗೆ ಅಳು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕೇಳಿದ್ದರೆ ಯಾರಾದರೂ ಜಾಗ ಬಿಡುತ್ತಿದ್ದರು. ಕೇಳುವ ಜಾಯಮಾನ ಅವಳದಲ್ಲ.

ಅವತ್ತಿನ ಪ್ರಶ್ನೆ: ಮೊದಲ ಚುನಾವಣೆಯ ಹೊತ್ತಿಗೆ ಲಕ್ಷಗಟ್ಟಲೆ ಹೆಂಗಸರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದರು, ಯಾಕೆ? ಓದು ಬಾರದ್ದಕ್ಕೆ ಎಂದಳೊಬ್ಬಳು. ಗಂಡಂದಿರು ಬೇಡವೆಂದಿರಬೇಕು ಎಂದಳು ಅಂಜಿನಕ್ಕ. ಗಂಗಾಂಬಿಕಾ ಎರಡೂ ಅಲ್ಲವೆಂದಳು.

ಒಂದು ಕೊಡತಿಯ ಸದ್ದು ನಿಂತಿತು.

"ಹೆಸರು ಹೇಳ್ಲಿಲ್ರಿ ಅಕ್ಕಾರ, ಅದಕ್ಕ," ಎಂದಳು ಚೌಡಕ್ಕ.

"ಹುಲುಗಣ್ಣನ ಅವ್ವಗ ಬಾಯಿ ಬಂತು ನೋಡ್ರಿ," ಎಂದು ಅಂಜಿನಕ್ಕ ನಕ್ಕಳು.

ಚೌಡಕ್ಕ ನಿಲ್ಲಿಸಲಿಲ್ಲ. ತಾನು ಏಳು ವರ್ಷದವಳಿದ್ದಾಗ ಪಟ್ಟಿ ಬರೆಯುವವನು ಅಂಗಳಕ್ಕೆ ಬಂದಿದ್ದ. ಅವ್ವ ಬಾಗಿಲ ಹಿಂದೆ ನಿಂತು, ಚೌಡಿಯ ಅವ್ವ ಅಂತ ಬರೆದುಕೊಳ್ಳಿ ಎಂದಿದ್ದಳು. ಹೊರಗಿನ ಗಂಡಸಿಗೆ ತನ್ನ ಹೆಸರು ಹೇಳುವುದೆಂದರೆ ಆಗಿನವರಿಗೆ ಸಂಕೋಚ. ಓಟಿನ ದಿನ ಪೆಟ್ಟಿಗೆಯ ಸೀರೆ ತೆಗೆದು ಉಟ್ಟುಕೊಂಡು ಹೋದವಳು, ಹೋದ ಹಾಗೆಯೇ ತಿರುಗಿ ಬಂದಿದ್ದಳು. ಇಂಥವರ ಅವ್ವ, ಇಂಥವರ ಹೆಂಡತಿ ಎಂದಷ್ಟೇ ಬರೆಸಿದವರು ಪಟ್ಟಿಯಲ್ಲಿರಲಿಲ್ಲ.

"ಪಕ್ಕೀರಮ್ಮ ಅಂತಿತ್ರಿ ಆಕಿ ಹೆಸರು," ಎಂದಳು ಕೊನೆಗೆ.

ಗಂಗಾಂಬಿಕಾ ಪುಸ್ತಕದ ಹಿಂದಿನ ಹಾಳೆ ನೋಡಿ, ಸರಿ ಎಂದು ಮಗುವನ್ನು ಅಂಜಿನಕ್ಕನ ಕೈಗೆ ಕೊಟ್ಟು ಎದ್ದಳು. ರೂಢಿಯಂತೆ ಗೋಡೆಯ ಮೇಲೆ 'ಹುಲು' ಎಂದು ಬರೆಯುವಷ್ಟರಲ್ಲಿ ಚೌಡಕ್ಕ ತಡೆದಳು.

"ಅಳಸ್ರಿ ಅಕ್ಕಾರ. ಚೌಡಕ್ಕ ಅಂತ ಬರೀರಿ."

ಅಂಜಿನಕ್ಕನೂ ನಗಲಿಲ್ಲ. ಸರಿದು ದಾರಿ ಬಿಟ್ಟಳು.

ಚೌಡಕ್ಕ ಕಲ್ಲು, ಕೊಡತಿ ಎತ್ತಿಕೊಂಡು ಬಾಗಿಲಿಗೆ ಬಂದಳು. ಎದುರಿನ ಕಟ್ಟೆಯ ಮೇಲೆ ಮೊಮ್ಮಗಳು ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಳು. ತಿನ್ನುತ್ತಿದ್ದಾಳಲ್ಲ, ಅಷ್ಟು ಸಾಕು ಎಂದುಕೊಂಡು ಅವಳು ಕೊಡತಿ ಎತ್ತಿದಳು.